ಬಸ್ಸಿನ ಏರ್ ಸಸ್ಪೆನ್ಷನ್: ದೋಷ ಪತ್ತೆಯ ಕ್ರಮ

ದೂರ ಪ್ರಯಾಣದ ಐಷಾರಾಮಿ ಬಸ್ಸುಗಳಲ್ಲಿಯೂ ದೆಹಲಿಯಂತಹ ನಗರಗಳ ತಗ್ಗು ನೆಲದ ಬಸ್ಸುಗಳಲ್ಲಿಯೂ ಉಕ್ಕಿನ ಪಟ್ಟಿ ಸ್ಪ್ರಿಂಗುಗಳ ಬದಲಿಗೆ ಗಾಳಿ ತುಂಬಿದ ರಬ್ಬರ್ ಚೀಲಗಳನ್ನು ಅಳವಡಿಸಲಾಗಿರುತ್ತದೆ. ಬಸ್ಸು ಒಂದು ಬದಿಗೆ ವಾಲಿದೊಡನೆ ಚೀಲವೇ ಕೆಟ್ಟಿದೆಯೆಂದು ಭಾವಿಸುವುದುಂಟು. ಆದರೆ ಕುಸಿದ ಚೀಲವು ಅನೇಕ ವೇಳೆ ದೋಷದ ಲಕ್ಷಣವೇ ಹೊರತು ಕಾರಣವಲ್ಲ. ಕಾರಣವನ್ನು ಅರಿಯದೆ ಬಿಡಿಭಾಗ ಬದಲಾಯಿಸಿದರೆ ಹಣ ವ್ಯರ್ಥವಾಗುವುದಲ್ಲದೆ ಅಪಾಯವೂ ಹಾಗೆಯೇ ಉಳಿಯುತ್ತದೆ.

ವ್ಯವಸ್ಥೆಯ ರಚನೆ

ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಿಗೆ ಕಳುಹಿಸುತ್ತದೆ. ಏರ್ ಬ್ರೇಕುಗಳಿಗೂ ಇದೇ ಗಾಳಿ ಆಧಾರ. ಆದುದರಿಂದ ಬ್ರೇಕಿನ ಟ್ಯಾಂಕುಗಳು ನಿಗದಿತ ಒತ್ತಡವನ್ನು ತಲುಪಿದ ಅನಂತರವೇ ಸಸ್ಪೆನ್ಷನ್‌ಗೆ ಗಾಳಿ ಹರಿಯುವಂತೆ ಒಂದು ರಕ್ಷಣಾ ವಾಲ್ವ್ ಇರುತ್ತದೆ.

ಬಸ್ಸಿನ ಎತ್ತರವನ್ನು ಕಾಯುವುದು ಲೆವೆಲಿಂಗ್ ವಾಲ್ವ್. ಸಾಮಾನ್ಯ ಮಾದರಿಗಳಲ್ಲಿ ಇದನ್ನು ಚಾಸಿಗೆ ಬಿಗಿದು, ಇದರ ತೋಳನ್ನು ಸರಳಿನ ಮೂಲಕ ಆಕ್ಸಲ್‌ಗೆ ಜೋಡಿಸಲಾಗಿರುತ್ತದೆ. ಪ್ರಯಾಣಿಕರು ಹತ್ತಿ ಬಸ್ಸು ತಗ್ಗಿದಾಗ ವಾಲ್ವ್ ಚೀಲಕ್ಕೆ ಗಾಳಿ ತುಂಬುತ್ತದೆ. ಅವರು ಇಳಿದು ಬಸ್ಸು ಮೇಲೆದ್ದಾಗ ಗಾಳಿಯನ್ನು ಹೊರಬಿಡುತ್ತದೆ. ಆಗ ಅಲ್ಪಕಾಲ ಕೇಳಿಬರುವ ‘ಬುಸ್’ ಎಂಬ ಶಬ್ದ ಸಹಜವಾದುದು. ನಿಂತ ಬಸ್ಸಿನಲ್ಲಿ ಅದು ಎಡೆಬಿಡದೆ ಕೇಳಿಸಿದರೆ ಸೋರಿಕೆಯನ್ನು ಶಂಕಿಸಬೇಕು.

ಪರೀಕ್ಷಿಸುವ ವಿಧಾನ

ಬಸ್ಸನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಳಿ ಪೂರ್ಣವಾಗಿ ತುಂಬಿದ ಮೇಲೆ ಒತ್ತಡಮಾಪಕವನ್ನು ನೋಡಬೇಕು.

(1) ಒತ್ತಡವೇ ಏರದೆ ಇಡೀ ಬಸ್ಸು ತಗ್ಗಿದ್ದರೆ ಕಂಪ್ರೆಸರ್, ಟ್ಯಾಂಕು ಹಾಗೂ ಮುಖ್ಯ ಕೊಳವೆಗಳನ್ನು ಪರೀಕ್ಷಿಸಬೇಕು. ಮಾಪಕ ಸರಿಯಾಗಿದ್ದೂ ಬಸ್ಸು ಏಳದಿದ್ದರೆ ರಕ್ಷಣಾ ವಾಲ್ವಿನತ್ತ ಗಮನ ಹರಿಸಬೇಕು.

(2) ರಾತ್ರಿಯಿಡೀ ನಿಂತ ಬಸ್ಸಿನ ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ಭಾಗದ ಚೀಲ, ಕೊಳವೆಯ ಜೋಡಣೆ ಅಥವಾ ಲೆವೆಲಿಂಗ್ ವಾಲ್ವ್ ಸೋರುತ್ತಿರಬಹುದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡುವಂತೆ ಇಲ್ಲಿ ಸಾಬೂನು ನೀರನ್ನು ಹಚ್ಚಬೇಕು. ಗುಳ್ಳೆ ಏಳುವೆಡೆಯೇ ಸೋರಿಕೆಯ ಸ್ಥಳ.

(3) ಸೋರಿಕೆಯಿಲ್ಲದಿದ್ದರೂ ಬಸ್ಸು ವಾಲಿದ್ದರೆ ಅಥವಾ ಅತಿಯಾಗಿ ಎತ್ತರದಲ್ಲಿ ನಿಂತಿದ್ದರೆ ವಾಲ್ವಿನ ತೋಳು ಬಾಗಿರಬಹುದು, ಸರಳು ಕಳಚಿರಬಹುದು.

(4) ಎತ್ತರ ಸರಿಯಾಗಿದ್ದೂ ಬಸ್ಸು ಕುಪ್ಪಳಿಸಿದರೆ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಒಸರಿದೆಯೇ ಎಂದು ನೋಡಬೇಕು.

ಟ್ಯಾಂಕಿನಲ್ಲಿ ಶೇಖರವಾಗುವ ನೀರನ್ನು ಕ್ರಮವಾಗಿ ಹೊರಬಿಡುವುದು ಅವಶ್ಯಕ. ಇಲ್ಲವಾದರೆ ತುಕ್ಕು ಮತ್ತು ಕೊಳೆ ಸೇರಿ ವಾಲ್ವುಗಳು ಕೆಡುತ್ತವೆ.

ಎಚ್ಚರಿಕೆ

ಗಾಳಿಯ ಆಧಾರದ ಮೇಲಷ್ಟೇ ನಿಂತಿರುವ ಬಸ್ಸಿನ ಕೆಳಗೆ ಯಾರೂ ನುಸುಳಬಾರದು. ಕೊಳವೆ ಕಳಚಿದರೆ ಅಥವಾ ಚೀಲ ಒಡೆದರೆ ಟನ್ನುಗಟ್ಟಲೆ ಭಾರ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಚಕ್ರಗಳಿಗೆ ತಡೆಕಟ್ಟೆ ಇಟ್ಟು, ಚಾಸಿಗೆ ಭದ್ರವಾದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಳಿಯನ್ನು ಹೊರಬಿಟ್ಟ ಅನಂತರವೇ ಜೋಡಣೆಗಳನ್ನು ಸಡಿಲಿಸಬೇಕು.

ಗಾಳಿಯ ಒತ್ತಡ ಕಡಿಮೆಯಾದ ಸೂಚನೆ ಬಂದಾಗ ಚಾಲಕನು ಬಸ್ಸನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಆ ಸೂಚನೆ ಬ್ರೇಕಿಗೂ ಸಂಬಂಧಿಸಿದುದು. ಬಸ್ಸು ಅಸಹಜವಾಗಿ ವಾಲಿರುವುದನ್ನು ಕಂಡ ಪ್ರಯಾಣಿಕರು ಅದನ್ನು ಚಾಲಕನ ಅಥವಾ ನಿರ್ವಾಹಕನ ಗಮನಕ್ಕೆ ತರುವುದು ಎಲ್ಲರ ಹಿತದೃಷ್ಟಿಯಿಂದ ಅಗತ್ಯ.