ವಿಯೆಟ್ನಾಂ ವೀಸಾ: ಹೆಸರು ಹೇಗೆ ಬರೆಯಲಿ?

ಮುದಗಲ್‌ನ ಸಹೋದರಿಗೆ,

ಮೊಹರಂ ಮುಗಿಸಿಕೊಂಡು ಯಜಮಾನರ ಜೊತೆ ವಿಯೆಟ್ನಾಂ ನೋಡಲು ಹೊರಟಿದ್ದೀರಿ, ಸಂತೋಷ. ಅಲ್ಲಿನ ಇ-ವೀಸಾಕ್ಕೆ ಬೆಂಗಳೂರಿಗೆ ಓಡಾಡಬೇಕಿಲ್ಲ, ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ಒಂದು ಸಲದ ಪ್ರವೇಶಕ್ಕೆ ಶುಲ್ಕ 25 ಡಾಲರ್, ವೀಸಾ 90 ದಿನಗಳವರೆಗೆ ಸಿಗುತ್ತದೆ. ಅರ್ಜಿ ತಿರಸ್ಕೃತವಾದರೆ ಹಣ ಮರಳದು. ಹುಡುಕಿದಾಗ ಮೊದಲು ಕಾಣುವ ಜಾಲತಾಣವನ್ನೇ ನಂಬಬೇಡಿ. ಸರ್ಕಾರಿ ವಿಳಾಸ ‘ಗವ್ ಡಾಟ್ ವಿಎನ್’ ಎಂದೇ ಮುಗಿಯುತ್ತದೆ.

ನಿಮ್ಮ ನಿಜವಾದ ಆತಂಕ ಹೆಸರಿನದು. ನಮ್ಮ ಕಡೆ ಆಧಾರ್‌ನಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಇರುವುದು ಸಾಮಾನ್ಯ. ಇಲ್ಲಿ ಅವೆರಡೂ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿರುವ ಎರಡು ಸಾಲು ನೋಡಿ, ಅಲ್ಲಿರುವ ಹೆಸರನ್ನು ಒಂದಕ್ಷರವೂ ತಪ್ಪದಂತೆ ಹಾಗೆಯೇ ತುಂಬಿ. ಜನ್ಮದಿನಾಂಕವನ್ನು ಯಜಮಾನರಿಂದ ಇನ್ನೊಮ್ಮೆ ಓದಿಸಿ. ಇಳಿಯುವ ವಿಮಾನ ನಿಲ್ದಾಣವನ್ನು ಅರ್ಜಿಯಲ್ಲೇ ಆರಿಸಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ವೀಸಾದ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ.