ತಿದ್ದುವವರಿರಲಿ

ಪುಟ್ಟೀ, ಮದುವೆಯ ಪಟ್ಟಿ ಕಳಿಸಿ, ‘ದೊಡ್ಡಪ್ಪ, ಇದರಲ್ಲಿ ಯಾವುದು ನಮ್ಮ ಸಂಪ್ರದಾಯ, ಯಾವುದಲ್ಲ, ಗುರುತು ಹಾಕಿಕೊಡಿ’ ಅಂತ ಕೇಳಿದ್ದೀಯ. ಗುರುತು ಹಾಕುವ ಮುಂಚೆ ಒಂದು ಮಾತು. ಎಷ್ಟು ಹಳೆಯದು ಅಂತ ಲೆಕ್ಕ ಹಾಕಿ ಸಂಪ್ರದಾಯವನ್ನು ಒಪ್ಪಬೇಡ, ಬಿಡಲೂ ಬೇಡ. ಹೇಳಿಕೊಡುವವರು ಇದ್ದಾರಾ, ಕಲಿಯುವವರು ಇದ್ದಾರಾ, ತಪ್ಪಿದಾಗ ತಿದ್ದುವವರು ಇದ್ದಾರಾ, ಅದನ್ನು ನೋಡು.

ಶಿವಮೊಗ್ಗದ ಪಕ್ಕದ ಮತ್ತೂರನ್ನೇ ತಗೋ. ಅಲ್ಲಿ ಸಂಸ್ಕೃತ ಮಾತಾಡುವುದನ್ನು ಕೇಳಿದ ಪ್ರವಾಸಿಗರು ಇದು ಋಷಿಗಳ ಕಾಲದಿಂದ ಹೀಗೇ ನಡೆದುಬಂದಿದೆ ಅಂದುಕೊಂಡು ಹೋಗುತ್ತಾರೆ. ವೇದಪಾಠ ಅಲ್ಲಿ ತಲೆತಲಾಂತರದ್ದು, ನಿಜ. ಆದರೆ ಬೀದಿಯಲ್ಲಿ, ಅಂಗಡಿಯಲ್ಲಿ ಸಂಸ್ಕೃತ ಆಡುವ ರೂಢಿಯನ್ನು ಊರವರು ಮನಸ್ಸು ಮಾಡಿ ಹಿಡಿದದ್ದು 1980ರ ದಶಕದ ಆರಂಭದಲ್ಲಿ. ಅಲ್ಲಿನ ಸಂಕೇತಿಗಳ ಮನೆಮಾತು ಇವತ್ತಿಗೂ ಸಂಕೇತಿಯೇ. ನನ್ನ ಕಾಲದಲ್ಲೇ ಶುರುವಾದದ್ದು ಅಂತ ಅದರ ಬೆಲೆ ನನಗೇನೂ ಕಡಿಮೆಯಾಗಿಲ್ಲ. ದೊಡ್ಡವರು ಹೇಳಿಕೊಟ್ಟರು, ಮಕ್ಕಳು ಕಲಿತರು.

ಹೊಳೆಯ ಆಚೆ ದಡದ ಹೊಸಹಳ್ಳಿಗೆ ನಿನ್ನನ್ನು ಒಮ್ಮೆ ಗಮಕ ಕೇಳಿಸಲು ಕರೆದುಕೊಂಡು ಹೋಗಬೇಕು. 2022ರಲ್ಲಿ ಪದ್ಮಶ್ರೀ ಬಂದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಅದು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಓದುವವರಿಗೆ ಪದ್ಯದ ಒಂದಕ್ಷರ ಬದಲಾಯಿಸುವ ಹಕ್ಕಿಲ್ಲ. ಅರ್ಥ ಕೆಡದ ಹಾಗೆ ಪದ ಬಿಡಿಸಬೇಕು, ಸಿಟ್ಟಿನ ಮಾತಿಗೂ ಅಳುವಿಗೂ ಒಪ್ಪುವ ರಾಗ ಹುಡುಕಬೇಕು. ತಪ್ಪಾಗಿ ಬಿಡಿಸಿದರೆ ತಲೆಯೆತ್ತಿ ನೋಡುವ ಮುದುಕರೊಬ್ಬರು ಜಮಖಾನದ ಮೇಲೆ ಇದ್ದೇ ಇರುತ್ತಾರೆ. ವ್ಯಾಖ್ಯಾನಕಾರರ ಪಾಡು ಬೇರೆ. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದರೆ ಕೇಳುವವರು ಎದ್ದು ಹೋಗುತ್ತಾರೆ. ಐದಾರು ನೂರು ವರ್ಷದ ಹಿಂದೆ ಬರೆದ ದ್ಯೂತಸಭೆಯನ್ನು ಅವರು ಇವತ್ತಿನ ಮನೆಗೆ, ಇವತ್ತಿನ ಪಂಚಾಯಿತಿಗೆ ತಂದು ನಿಲ್ಲಿಸಬೇಕು. ಒಂದೇ ವೇದಿಕೆಯ ಮೇಲೆ ಒಬ್ಬರು ಕದಲುವ ಹಾಗಿಲ್ಲ, ಇನ್ನೊಬ್ಬರು ನಿಂತಲ್ಲೇ ನಿಲ್ಲುವ ಹಾಗಿಲ್ಲ. ಸಂಪ್ರದಾಯ ಹೇಗೆ ಬದುಕುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಮ್ಮ ಭದ್ರಾವತಿ. 1923ರಲ್ಲಿ ಕಬ್ಬಿಣ ಇಳಿಸಲು ಶುರುಮಾಡಿದ ಕಾರ್ಖಾನೆಗೆ ಯಾವ ಪುರಾಣ? ಆದರೂ ಅಲ್ಲಿ ನಾನು ಕಂಡ ಆಯುಧಪೂಜೆ ಯಾವ ದೇವಸ್ಥಾನದ ಉತ್ಸವಕ್ಕೂ ಕಡಿಮೆಯದಲ್ಲ. ಪೂಜೆಯ ಹಿಂದಿನ ದಿನ ಲೇತಿನ ಮೇಲಿನ ಕಬ್ಬಿಣದ ಸುರುಳಿ ಗುಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದು, ಗೇರಿನ ಮುಚ್ಚಳ ಬಿಚ್ಚಿ ಒರೆಸುತ್ತಿದ್ದೆವು. ಸವೆದ ಹಲ್ಲು, ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುತ್ತಿದ್ದದ್ದು ಆವತ್ತೇ. ನಮ್ಮ ಮೇಸ್ತ್ರಿ ಬಂದು, ಯಾರ ಕಣ್ಣಿಗೂ ಕಾಣದ ಹಿಂಬದಿಯಲ್ಲಿ ಬೆರಳಾಡಿಸಿ ನೋಡುತ್ತಿದ್ದರು. ಬೆರಳು ಕಪ್ಪಾದರೆ ಮತ್ತೆ ಒರೆಸಬೇಕು. ಮೇಸ್ತ್ರಿ ಮುಸಲ್ಮಾನರು. ಅವರು ಕುಂಕುಮ ಹಚ್ಚುತ್ತಿರಲಿಲ್ಲ, ಆದರೆ ಅವರು ‘ಸರಿ’ ಅನ್ನುವ ತನಕ ನಾವ್ಯಾರೂ ಕುಂಕುಮದ ಬಟ್ಟಲಿಗೆ ಕೈಹಾಕುತ್ತಿರಲಿಲ್ಲ. ಮಾರನೇ ದಿನ ಬೂದುಗುಂಬಳ ಒಡೆದು, ಮಂಡಕ್ಕಿ ಹಂಚುವಾಗ ಮೊದಲ ಪೊಟ್ಟಣ ಅವರಿಗೇ. ಈಗ ಎಷ್ಟೋ ಕಡೆ ಕೊಳೆಯ ಮೇಲೇ ಹೂ ಏರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಹಿಂದಿನಿಂದ ಬಂದದ್ದಕ್ಕೆಲ್ಲ ತಲೆಬಾಗು ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲೇ, ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವುದಕ್ಕೆ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು. ಒಕ್ಕಲು ಕೇಳಿದರೆ ‘ಮೊದಲಿನಿಂದ ನಡೆದುಬಂದದ್ದು’ ಅನ್ನುವ ಉತ್ತರ. 1951ರಲ್ಲಿ ಆ ರೈತರು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಕೊಳಗವೂ ಹಳೆಯದೇ. ಆದರೆ ಅದನ್ನು ತಿದ್ದುವ ಬಾಯಿ ಒಕ್ಕಲಿಗೆ ಇರಲಿಲ್ಲ. ಒಬ್ಬರ ಬಾಯಿ ಮುಚ್ಚಿಸಿ ನಡೆಸುವ ರೂಢಿಯನ್ನು ನಾನು ಸಂಪ್ರದಾಯ ಅನ್ನುವುದಿಲ್ಲ. ನಿನ್ನ ಮದುವೆಯ ಅರಿಶಿನ ಶಾಸ್ತ್ರಕ್ಕೆ ಗಂಡ ಇಲ್ಲದ ಚಿಕ್ಕಮ್ಮನನ್ನು ದೂರ ಕೂರಿಸಬೇಕು ಅಂತ ಯಾರಾದರೂ ಹೇಳಿದರೆ, ‘ದೊಡ್ಡಪ್ಪ ಒಪ್ಪಲಿಲ್ಲ’ ಅಂತ ನನ್ನ ಹೆಸರು ಹೇಳು. ಮೊದಲ ಅರಿಶಿನ ಅವಳೇ ಹಚ್ಚಲಿ.

ಈಗ ಪಟ್ಟಿಗೆ ಬರೋಣ. ‘ಹಳದಿ ಫಂಕ್ಷನ್ನು’, ‘ಸಂಗೀತ್’ ಅಂತ ಬರೆದಿದ್ದೀಯ. ಉತ್ತರದಿಂದ ಬಂದದ್ದು ಅಂತ ನಾನು ಗೆರೆ ಎಳೆಯುವುದಿಲ್ಲ; ಗೆಳತಿಯರು ಕುಣಿಯಲಿ. ಆದರೆ ‘ಸಾಂಪ್ರದಾಯಿಕ ಹಾಡು: ಸ್ಪೀಕರಿನಲ್ಲಿ’ ಅಂತ ಇದೆಯಲ್ಲ, ಅದಕ್ಕೆ ಗೆರೆ ಎಳೆದಿದ್ದೇನೆ. ಹೊಸಮನೆಯ ಅತ್ತೆಗೆ ಸೋಬಾನೆ, ಬೀಗರ ಹಾಡು ಎಲ್ಲಾ ಬಾಯಿಗೆ ಬರುತ್ತವೆ. ಅವಳ ಪಕ್ಕ ಕೂತು ಎರಡಾದರೂ ಕಲಿ. ಫೋನಿನಲ್ಲಿ ಹಿಡಿದುಕೊಂಡು ಬಂದರೆ ಸಾಲದು, ಅವಳೆದುರು ಬಾಯಿಬಿಟ್ಟು ಹಾಡು. ತಪ್ಪಿದ ಕಡೆ ಅವಳು ತೊಡೆ ತಟ್ಟಿ ನಿಲ್ಲಿಸುತ್ತಾಳೆ, ಬೇಸರ ಮಾಡಿಕೊಳ್ಳಬೇಡ. ಯಾವುದಾದರೂ ಸಾಲು ನಿನಗೆ ಒಪ್ಪದಿದ್ದರೆ ಅಲ್ಲೇ ಕೇಳು, ಅವಳೂ ಬದಲಾಯಿಸಿ ಹಾಡಬಲ್ಲವಳು. ನಿನ್ನ ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗು. ಅತ್ತೆ ಊಟವಾದ ಮೇಲೆ ಸ್ವಲ್ಪ ಹೊತ್ತು ಮಲಗುತ್ತಾಳೆ. ನಾಲ್ಕು ಗಂಟೆ ದಾಟಿಸಿ ಹೋಗಿ.