ಐ.ಸಿ.ಯು. ಬಾಗಿಲ ಹೊರಗೆ ಕುಳಿತ ಮನೆಯವರಿಗೆ



ಬೆಳೆಗೆ ಔಷಧಿ ಹೊಡೆಯುವಾಗ ವಿಷ ಏರಿದರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಇಲ್ಲವೆ ರಸ್ತೆಯಲ್ಲಿ ಅಪಘಾತವಾದರೆ ರೋಗಿಯನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ಯುತ್ತೇವೆ. ಅಲ್ಲಿ ಅವನನ್ನು ತೀವ್ರ ನಿಗಾ ಘಟಕಕ್ಕೆ, ಎಂದರೆ ಎಲ್ಲರೂ ಐ.ಸಿ.ಯು. ಎನ್ನುವ ಕೋಣೆಗೆ ಸೇರಿಸುತ್ತಾರೆ. ಬಾಗಿಲು ಮುಚ್ಚುತ್ತದೆ. ಒಳಗೆ ರೋಗಿಯನ್ನು ನೋಡಿಕೊಳ್ಳಲು ವೈದ್ಯರೂ ದಾದಿಯರೂ ಇರುತ್ತಾರೆ. ಹೊರಗೆ ಕುಳಿತ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಏನು ಮಾಡಬೇಕು? ಏನು ಕೇಳಬೇಕು? ಈ ಪಾಠ ಅವರಿಗಾಗಿ.

ಈ ಘಟಕ ಹುಟ್ಟಿದ ಬಗೆ

1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹರಡಿತು. ಉಸಿರಾಡುವ ಶಕ್ತಿಯನ್ನೇ ಕಳೆದುಕೊಂಡು ರೋಗಿಗಳು ಸಾಯುತ್ತಿದ್ದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು, ಗಂಟಲಿಗೆ ಕೊಳವೆ ಇರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಉಪಾಯವನ್ನು ಜಾರಿಗೆ ತಂದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿ ಅನೇಕರ ಪ್ರಾಣ ಉಳಿಸಿದರು. ಮರುವರ್ಷ ಇಬ್ಸೆನ್ ಅವರು ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕವನ್ನು ಏರ್ಪಡಿಸಿದರು.

ಇಂದಿನ ವೆಂಟಿಲೇಟರ್ ಯಂತ್ರ ಮಾಡುವುದು ಆ ಕೈಗಳ ಕೆಲಸವನ್ನೇ. ಅದು ರೋಗವನ್ನು ವಾಸಿ ಮಾಡುವುದಿಲ್ಲ. ಔಷಧಿ ಕೆಲಸ ಮಾಡುವವರೆಗೆ, ದೇಹ ಚೇತರಿಸಿಕೊಳ್ಳುವವರೆಗೆ ಉಸಿರನ್ನು ಕಾಯುತ್ತದೆ. ಬಾಳೆಯ ಗಿಡಕ್ಕೆ ಕೊಟ್ಟ ಊರುಗೋಲು ಗಿಡವನ್ನು ಬೆಳೆಸದು, ಬೀಳದಂತೆ ತಡೆಯುತ್ತದೆ. ಇದೂ ಹಾಗೆಯೇ.

ಮನೆಯವರಿಗೆ ಬೇಕಾದುದೇನು?

ಇದನ್ನು ಮನೆಯವರನ್ನೇ ಕೇಳಿ ತಿಳಿದವರಿದ್ದಾರೆ. ಅಮೆರಿಕದಲ್ಲಿ ದಾದಿಯಾಗಿದ್ದ ನ್ಯಾನ್ಸಿ ಮೋಲ್ಟರ್ ಅವರು 45 ಅಗತ್ಯಗಳ ಪಟ್ಟಿಯನ್ನು 40 ಮಂದಿ ಬಂಧುಗಳ ಮುಂದಿಟ್ಟು, 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕೂ ಮೇಲೆ ಬಂದದ್ದು ಭರವಸೆ. ಆಸ್ಪತ್ರೆಯವರಿಗೆ ನಮ್ಮ ರೋಗಿಯ ಮೇಲೆ ಅಕ್ಕರೆ ಇದೆಯೆಂಬ ನಂಬಿಕೆ, ಮುಂದೇನಾಗಬಹುದೆಂಬ ತಿಳಿವಳಿಕೆ, ಇವೂ ಮುಖ್ಯವೆಂದು ಅವರು ಹೇಳಿದರು.

2000ದಲ್ಲಿ ಫ್ರಾನ್ಸಿನಿಂದ ಬಂದ ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿತು. ವೈದ್ಯರು ಮಾತನಾಡಿದ ಮೇಲೂ ಅರ್ಧಕ್ಕಿಂತ ಹೆಚ್ಚು ಮನೆಯವರಿಗೆ ರೋಗವೇನು, ಚಿಕಿತ್ಸೆಯೇನು, ಮುಂದೇನು ಎಂಬುದು ಸರಿಯಾಗಿ ತಿಳಿದಿರಲಿಲ್ಲ. ಇದು ಓದುಬರಹದ ದೇಶದ ಮಾತು. ಆದ್ದರಿಂದ ತಿಳಿಯಲಿಲ್ಲವೆಂದು ನಾಚಬೇಕಾಗಿಲ್ಲ.

2004ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ವೈದ್ಯರೂ ಮನೆಯವರೂ ಕೂಡಿ ನಡೆಸಿದ 51 ಸಭೆಗಳನ್ನು ಪರೀಕ್ಷಿಸಲಾಯಿತು. ಮನೆಯವರು ಮಾತನಾಡಿದ್ದು ನೂರರಲ್ಲಿ 29 ಪಾಲು. ಉಳಿದದ್ದೆಲ್ಲ ವೈದ್ಯರ ಮಾತು. ಆದರೆ ಮನೆಯವರಿಗೆ ಮಾತಿನ ಪಾಲು ಹೆಚ್ಚು ಸಿಕ್ಕಿದ ಕಡೆ ಅವರ ಸಮಾಧಾನವೂ ಹೆಚ್ಚಾಗಿತ್ತು. 2007ರ ಇನ್ನೊಂದು ಅಧ್ಯಯನದಲ್ಲಿ, ರೋಗಿ ತೀರಿಕೊಂಡ ಮನೆಯವರು ರೋಗಿ ಬದುಕಿದ ಮನೆಯವರಿಗಿಂತ ಆಸ್ಪತ್ರೆಯ ಬಗ್ಗೆ ಹೆಚ್ಚು ತೃಪ್ತಿ ಸೂಚಿಸಿದರು. ಹಾಗಾದರೆ ಸಮಾಧಾನವು ರೋಗಿ ಉಳಿದನೋ ಇಲ್ಲವೋ ಎಂಬುದನ್ನಷ್ಟೇ ಅವಲಂಬಿಸಿಲ್ಲ. ನಮಗೆ ನಿಜ ಹೇಳಿದರೇ, ನಮ್ಮ ಮಾತು ಕೇಳಿದರೇ ಎಂಬುದೂ ಮುಖ್ಯ.

ನೀವು ಮಾಡಬೇಕಾದುದು

1. ಮನೆಯವರ ಪರವಾಗಿ ಮಾತನಾಡಲು ಒಬ್ಬರನ್ನು ಗೊತ್ತುಮಾಡಿ, ಅವರ ಫೋನ್ ನಂಬರನ್ನು ದಾದಿಯರ ಬಳಿ ಬರೆಸಿ. ಹತ್ತು ಮಂದಿ ಹತ್ತು ಸಲ ಕೇಳಿದರೆ ಹತ್ತು ಬಗೆಯ ಸುದ್ದಿ ಊರಿಗೆ ತಲುಪುತ್ತದೆ.

2. ದಿನಕ್ಕೊಮ್ಮೆ ವೈದ್ಯರು ಸಿಗುವ ವೇಳೆ ಯಾವುದೆಂದು ಮೊದಲ ದಿನವೇ ಕೇಳಿ. ಆಗ ನಾಲ್ಕು ಪ್ರಶ್ನೆಗಳನ್ನು ಕೇಳಿ: ಕಾಯಿಲೆ ಏನು? ನಿನ್ನೆಗಿಂತ ಇಂದು ಹೇಗಿದೆ? ಯಾವ ಚಿಕಿತ್ಸೆ, ಏತಕ್ಕಾಗಿ? ಮುಂದೆ ಏನಾಗಬಹುದು? ಉತ್ತರ ಕೇಳಿದ ಮೇಲೆ, "ನನಗೆ ಹೀಗೆ ತಿಳಿಯಿತು, ಸರಿಯೇ ಸ್ವಾಮಿ?" ಎಂದು ನಿಮ್ಮ ಮಾತಿನಲ್ಲೇ ಹೇಳಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

3. ನಿಮಗೆ ಗೊತ್ತಿರುವುದನ್ನು ಮುಚ್ಚಿಡಬೇಡಿ. ಯಾವ ಔಷಧಿ ಹೊಡೆಯುತ್ತಿದ್ದ ಅಥವಾ ಕುಡಿದ, ಎಷ್ಟು ಹೊತ್ತಾಯಿತು, ಬಿ.ಪಿ., ಸಕ್ಕರೆ ಕಾಯಿಲೆ, ಕುಡಿತದ ಅಭ್ಯಾಸ ಇದೆಯೇ, ಎಲ್ಲವನ್ನೂ ಹೇಳಿ. ಕೀಟನಾಶಕದ ಡಬ್ಬದ ಚೀಟಿಯನ್ನು ತಪ್ಪದೆ ತೋರಿಸಿ.

4. ಒಳಗೆ ಬಿಟ್ಟಾಗ ಕೈಯನ್ನು ಸೋಪಿನಿಂದ ತೊಳೆದು ಹೋಗಿ. ತಿಂಡಿ, ತೀರ್ಥ ಯಾವುದನ್ನೂ ಬಾಯಿಗೆ ಹಾಕಬೇಡಿ. ದಾದಿಯರನ್ನು ಕೇಳಿ ರೋಗಿಯ ಕೈ ಹಿಡಿದು ಮೆಲ್ಲಗೆ ಮಾತನಾಡಬಹುದು.

5. ಎತ್ತು ಮಾರುವ ಮೊದಲು, ಜಮೀನು ಅಡವಿಡುವ ಮೊದಲು ಖರ್ಚಿನ ಅಂದಾಜು ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಇತರರಿಗೆ ಯೋಜನೆಯ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕೇ ಎಂಬುದನ್ನು ಆರೋಗ್ಯಮಿತ್ರರಲ್ಲಿ ವಿಚಾರಿಸಿ.

6. ಚಿಕಿತ್ಸೆಯ ದಾಖಲೆಗಳನ್ನು ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರಿಗಾಗಿ 2002ರಲ್ಲಿ ಮಾಡಿದ ನಿಯಮ ಹೇಳುತ್ತದೆ.

ಅರ್ಧದಲ್ಲಿ ಮನೆಗೆ ಕರೆತರುವ ಅಪಾಯ

ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ದೇಹ ಸೇರಿದರೆ ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚಿಕ್ಕದಾಗುವುದು ಮೊದಲಾದ ಲಕ್ಷಣಗಳು ಕಾಣುತ್ತವೆ. ಅಟ್ರೋಪಿನ್ ಚುಚ್ಚುಮದ್ದಿನಿಂದ ಇವು ಇಳಿದು ರೋಗಿ ಎದ್ದು ಕೂರಬಹುದು. "ಹುಷಾರಾದ, ದುಡ್ಡು ಸುಮ್ಮನೆ ಹೋಗುತ್ತಿದೆ" ಎಂದು ಕೆಲವರು ಬಲವಂತದಿಂದ ಬಿಡಿಸಿಕೊಂಡು ಬರುತ್ತಾರೆ. ಆದರೆ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋಲುವುದುಂಟು. ಆಗ ವೆಂಟಿಲೇಟರ್ ಹತ್ತಿರವಿದ್ದವನು ಉಳಿಯುತ್ತಾನೆ. ಊರಿನಲ್ಲಿದ್ದವನು ದಾರಿಯಲ್ಲೇ ಹೋಗಿಬಿಡಬಹುದು. "ಇನ್ನೆಷ್ಟು ದಿನ ಕಾಯಬೇಕು, ಏಕೆ?" ಎಂಬ ಒಂದು ಪ್ರಶ್ನೆ ಇಲ್ಲಿ ಪ್ರಾಣದ ಬೆಲೆಯದು.

ಗುಣವಾಗದ ಕಾಯಿಲೆಯಾದರೆ

ಮುಪ್ಪಿನಲ್ಲಿ, ಕೊನೆಯ ಹಂತದ ಕಾಯಿಲೆಯಲ್ಲಿ ಪ್ರಶ್ನೆಯೇ ಬೇರೆ. "ಈ ಚಿಕಿತ್ಸೆಯಿಂದ ಇವರು ಮನೆಗೆ ಬರುವ ಸಂಭವವಿದೆಯೇ? ಇಲ್ಲವಾದರೆ ನೋವಿಲ್ಲದಂತೆ ನೋಡಿಕೊಳ್ಳಲು ಏನು ಮಾಡಬಹುದು?" ಎಂದು ಕೇಳುವುದು ಪಾಪವಲ್ಲ. ರೋಗಿಯೂ ಮನೆಯವರೂ ಬೇಡವೆಂದರೆ ಐ.ಸಿ.ಯು.ಗೆ ಸೇರಿಸಕೂಡದೆಂದು 2024ರ ಜನವರಿಯಲ್ಲಿ ಹೊರಬಂದ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲಿದೆ. ಇಂಥ ತೀರ್ಮಾನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಸರದಲ್ಲಿ ಆಗಬಾರದು. ಮನೆಯ ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಅವರ ಇಷ್ಟವೇನೆಂದು ಕೇಳಿ ತಿಳಿದಿಟ್ಟುಕೊಳ್ಳಿ.

ಅಳದ ಕೂಸಿಗೆ ತಾಯಿಯೂ ಹಾಲು ಕೊಡಳು ಎಂಬುದು ನಮ್ಮ ಗಾದೆ. ವೈದ್ಯರೊಡನೆ ಜಗಳ ಬೇಡ. ಸುಮ್ಮನೆ ಕೂರುವುದೂ ಬೇಡ. ಮರ್ಯಾದೆಯಿಂದ ಕೇಳಿ, ನಿಮಗೆ ತಿಳಿದುದನ್ನು ಹೇಳಿ. ಈ ಹಾಳೆಯನ್ನು ಓದಬಲ್ಲವರು ಓದಲಾರದವರಿಗೆ ಓದಿ ಹೇಳಲಿ. ಬಳಿಕ ಇದನ್ನು ರೇಷನ್ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಿ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಎರಡೂ ಒಟ್ಟಿಗೆ ಕೈಗೆ ಸಿಗಲಿ.